ಬಿರುಕಿಲ್ಲದ ಮೆದುಳು

ವಿಶಾಖಪಟ್ಟಣದ ಗಾಜುವಾಕದಲ್ಲಿ ಬಾಡಿಗೆ ಫ್ಲ್ಯಾಟಿನಲ್ಲಿರುವ ಶೇಷಗಿರಿಯವರು ಉಕ್ಕಿನ ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ಎಂಜಿನಿಯರು. ತುಮಕೂರಿನಿಂದ ಬಂದವರು. ಉಕ್ಕಿನ ತುಂಡಿನ ಮೇಲೆ ಯಂತ್ರವಿಟ್ಟು, ಒಡೆಯದೆ ಕೊಯ್ಯದೆ, ಒಳಗೆ ಬಿರುಕಿದೆಯೋ ಇಲ್ಲವೋ ಹೇಳುವುದು ಅವರ ಕೆಲಸ. ಪರದೆಯ ಮೇಲಿನ ಗೆರೆ ಸರಿಯಿದ್ದರೆ ಮಾಲು ಲಾರಿ ಹತ್ತುತ್ತದೆ. ವರ್ಷಾನುಗಟ್ಟಲೆ ಇದನ್ನೇ ಮಾಡಿ, ಈ ಲೋಕದಲ್ಲಿ ಇರುವುದು ಪಾಸು ಮತ್ತು ರಿಜೆಕ್ಟು ಎಂಬ ಎರಡೇ ಜಾತಿ ಎಂದು ಅವರಿಗೆ ಮನವರಿಕೆಯಾಗಿತ್ತು. ಹೆಂಡತಿ ಲೀಲಾವತಿ ಮಾಡುವ ಉಪ್ಪಿಟ್ಟು ಕೂಡ ಈ ವಿಂಗಡಣೆಯಿಂದ ಪಾರಾಗಿರಲಿಲ್ಲ.

ಒಬ್ಬಳೇ ಮಗಳು ಗಾನವಿ ವಿಜಯವಾಡದ ಒಂದು ವಸತಿ ಕಾಲೇಜಿನಲ್ಲಿ ಇಂಟರ್, ಅಂದರೆ ನಮ್ಮ ಪಿಯುಸಿ, ಮೊದಲ ವರ್ಷ ಓದುತ್ತಿದ್ದಳು. ಮಕ್ಕಳನ್ನು ಹಾಸ್ಟೆಲಿಗೆ ಹಾಕಿ, ಹಗಲಿರುಳು ರುಬ್ಬಿ, ರ್‍ಯಾಂಕು ತೆಗೆಯುವುದು ಅಲ್ಲಿ ಭರ್ಜರಿ ಉದ್ಯಮ. ದಸರಾ ರಜೆಗೆ ಬಂದವಳು ಊಟ ಬಿಟ್ಟಳು, ನಿದ್ದೆ ಬಿಟ್ಟಳು, ಗೋಡೆ ನೋಡಿಕೊಂಡು ಕೂತಳು. ಹಾಸ್ಟೆಲಿಗೆ ವಾಪಸ್ಸು ಹೋಗುವುದಿಲ್ಲ ಎಂದಳು. ಯಾಕೆಂದು ಕೇಳಿದರೆ, “ಏಮೋ ಅಪ್ಪ, ನಂಗೂ ಗೊತ್ತಿಲ್ಲ” ಎಂದಳು. ಕಾರಣ ಗೊತ್ತಿಲ್ಲದ ದುಃಖಕ್ಕೆ ಶೇಷಗಿರಿಯವರ ವಿಭಾಗದಲ್ಲಿ ಜಾಗವಿರಲಿಲ್ಲ.

ಅಷ್ಟರಲ್ಲಿ ದೇವರೇ ಕಣ್ಣು ಬಿಟ್ಟ. ವಿಶಾಖಪಟ್ಟಣದ ಒಂದು ಸಂಶೋಧನಾ ತಂಡ ಹದಿಹರೆಯದ ಮಕ್ಕಳ ಮೆದುಳಿನ ಚಿತ್ರ ತೆಗೆದು, ಉಗುಳಿನಿಂದ ವಂಶವಾಹಿ ಓದಿ, ಮುಂದೆ ಯಾರ ಮನಸ್ಸು ಕಾಯಿಲೆ ಬೀಳಬಹುದು ಎಂಬುದರ ಸುಳಿವು ಹುಡುಕುತ್ತಿತ್ತು. ಅದಕ್ಕೆ ಮಕ್ಕಳು ಬೇಕಾಗಿದ್ದರು. ಯಂತ್ರವಿದೆ, ಪರದೆಯಿದೆ, ಮೇಲಾಗಿ ಪುಕ್ಕಟೆ. ಇನ್ನೇನು ಬೇಕು?

ಶೇಷಗಿರಿಯವರು ಇದನ್ನೂ ಪ್ರವೇಶ ಪರೀಕ್ಷೆಯೆಂದೇ ತಿಳಿದು ಮನೆಯಲ್ಲೇ ಕೋಚಿಂಗ್ ಶುರು ಮಾಡಿದರು. ಸ್ಕ್ಯಾನಿಂಗ್ ಯಂತ್ರ ಗದ್ದಲ ಮಾಡುತ್ತದೆಂದು ಕೇಳಿ, ಮಗಳನ್ನು ಮಂಚದ ಮೇಲೆ ಮಲಗಿಸಿ ಪಕ್ಕದಲ್ಲಿ ಮಿಕ್ಸಿ ಓಡಿಸಿದರು. “ಅಲ್ಲಾಡ್ಬೇಡ ಕಣಮ್ಮ, ಅಲ್ಲಾಡಿದ್ರೆ ಪಿಕ್ಚರ್ ಕೆಡ್ತದೆ” ಎಂದರು. ಉಗುಳು ಚೊಕ್ಕಟವಾಗಿರಲೆಂದು ಗೋಂಗೂರ ಚಟ್ನಿಯನ್ನು ಮನೆಯಿಂದಲೇ ಗಡೀಪಾರು ಮಾಡಿದರು. ಹುಡುಗಿ ಕದಲದೆ ಮಲಗಿದ್ದಳು. ಅವಳು ಈಚೆಗೆ ಹೇಗೂ ಹಾಗೇ ಮಲಗಿರುತ್ತಿದ್ದಳು ಎಂಬುದನ್ನು ಲೀಲಾವತಿ ಮಾತ್ರ ಗಮನಿಸಿದರು.

ಸ್ಕ್ಯಾನಿನ ದಿನ ತಂಡದ ಸಂಶೋಧಕಿ ಅರ್ಪಿತಾ, ಶೇಷಗಿರಿಯವರನ್ನು ಬೇರೆ ಕೂರಿಸಿ, ಮನೆತನದಲ್ಲಿ ಯಾರಿಗಾದರೂ ಮಾನಸಿಕ ತೊಂದರೆ ಇತ್ತೇ, ಯಾರಾದರೂ ಜೀವ ಕಳೆದುಕೊಂಡಿದ್ದರೇ ಎಂದು ತೆಲುಗಿನಲ್ಲಿ ಕೇಳಿದಳು. “ಅಬ್ಬೇ, ಲೇದಂಡಿ” ಎಂದು ಇವರು ಇಲ್ಲವೆಂಬಂತೆ ತಲೆಯಾಡಿಸಿದರು. ಹತ್ತೊಂಬತ್ತನೇ ವಯಸ್ಸಿಗೆ ಬಾವಿಯಲ್ಲಿ ಹೆಣವಾದ ತಮ್ಮ ನಿರಂಜನನ ವಿಷಯ ಬಾಯಿಗೆ ಬರಲಿಲ್ಲ. ಅವನದು ಕಾಲು ಜಾರಿದ ಸಾವು ಎಂಬುದು ಮನೆಯ ಅಧಿಕೃತ ಹೇಳಿಕೆ. ಹೆಣ್ಣು ಕೊಡುವವರು ಬಂದಾಗೆಲ್ಲ, ತರುವವರು ಬಂದಾಗೆಲ್ಲ, ಆ ಕಾಲು ತಪ್ಪದೆ ಜಾರುತ್ತಿತ್ತು. ನಾಳೆ ಗಾನವಿಗೂ ಸಂಬಂಧ ನೋಡಬೇಕಲ್ಲ.

ಎಲ್ಲ ಮುಗಿದ ಮೇಲೆ ಮಕ್ಕಳಿಗೆ ನೆನಪಿಗೆಂದು ಅವರವರ ಮೆದುಳಿನ ಚಿತ್ರ ಕೊಟ್ಟರು. ಅರ್ಪಿತಾ ಬಿಡಿಸಿ ಹೇಳಿದಳು: “ಸರ್, ಈ ಚಿತ್ರ ನೋಡಿ ಒಂದು ಮಗು ಹೇಗಿದೆ ಅಂತ ಹೇಳೋಕಾಗಲ್ಲ. ಸಾವಿರಾರು ಮಕ್ಕಳದ್ದು ಸೇರಿಸಿದರೆ ಏನೋ ಒಂದಿಷ್ಟು ಗೊತ್ತಾಗಬಹುದು. ಆದರೆ ನಿಮ್ಮ ಮಗಳು ನನ್ನ ಹತ್ತಿರ ಬಾಯಿಬಿಟ್ಟು ಹೇಳಿದ್ದಾಳೆ, ಬದುಕೋದೇ ಬೇಡ ಅನಿಸುತ್ತೆ ಅಂತ. ಮೊದಲು ಡಾಕ್ಟರಿಗೆ ತೋರಿಸಿ. ಸದ್ಯಕ್ಕೆ ಹಾಸ್ಟೆಲಿಗೆ ಕಳಿಸಬೇಡಿ.”

“ಚಿತ್ರದಲ್ಲಿ ಡಿಫೆಕ್ಟ್ ಏನಾದ್ರೂ ಇದೆಯಾ ಮೇಡಂ?”

“ಗಡ್ಡೆ ಗಿಡ್ಡೆ ಏನಿಲ್ಲ. ಆದರೆ ಅದಕ್ಕೂ ಇದಕ್ಕೂ...”

“ಅಷ್ಟು ಸಾಕು” ಎಂದು ಶೇಷಗಿರಿಯವರು ಎದ್ದರು. ಯಂತ್ರ ಪಾಸು ಮಾಡಿದ್ದನ್ನು ಬಾಯಿಮಾತಿಗೆ ರಿಜೆಕ್ಟು ಮಾಡುವ ಪದ್ಧತಿ ಅವರ ಕಾರ್ಖಾನೆಯಲ್ಲಿರಲಿಲ್ಲ.

ಅಂದೇ ಆ ಚಿತ್ರ ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಹೋಯಿತು. ‘ಗಾನವಿಯ ಮೆದುಳು. ಯಾವ ದೋಷವೂ ಇಲ್ಲ.’ ಅಭಿನಂದನೆಗಳು ಸುರಿದವು. ಸಹೋದ್ಯೋಗಿ ರಾಮಮೋಹನ್, ತಮ್ಮ ಮಗ ಸಾಯಿತೇಜನಿಗೂ ಇಂಥದೊಂದು ತೆಗೆಸಬಹುದೇ ಎಂದು ವಿಚಾರಿಸಿದರು. “ಮೆದುಳು ಚೆನ್ನಾಗಿದ್ರೆ ಮಗು ಯಾಕ್ರೀ ಊಟ ಮಾಡ್ತಿಲ್ಲ?” ಎಂದು ಲೀಲಾವತಿ ಕೇಳಿದ ಪ್ರಶ್ನೆಗೆ ಮಾತ್ರ ಯಾರೂ ಹೆಬ್ಬೆರಳು ಎತ್ತಲಿಲ್ಲ.

ರಜೆ ಮುಗಿದ ದಿನ ಅಪ್ಪ ಮಗಳು ವಿಜಯವಾಡದಲ್ಲಿ ಇಳಿದು ಗವರ್ನರ್‌ಪೇಟೆಯ ಒಂದು ಹೋಟೆಲಿಗೆ ಹೋದರು. ಸೂಟ್‌ಕೇಸು ಮೇಜಿನ ಕೆಳಗಿತ್ತು. ಶೇಷಗಿರಿಯವರು ತಮ್ಮ ಪೆಸರಟ್ಟು ದೋಸೆ ಮುಗಿಸಿ ಮಗಳ ತಟ್ಟೆ ನೋಡಿದರು. ಅವಳು ಒಂದು ತುತ್ತನ್ನೂ ಮುರಿದಿರಲಿಲ್ಲ.

“ತಿನ್ನಮ್ಮ, ಹಾಸ್ಟೆಲಿಗೆ ಟೈಮಾಯ್ತು.”

“ಅಪ್ಪ, ನಿರಂಜನ ಚಿಕ್ಕಪ್ಪಂಗೆ ಈಜು ಬರ್ತಿತ್ತಲ್ವಾ?” ಅವಳು ತಟ್ಟೆಯಿಂದ ಕಣ್ಣೆತ್ತದೆ ಕೇಳಿದಳು. “ತುಮಕೂರು ಮನೇಲಿ ಅವ್ರ ಕಪ್ ಇದೆ. ಸ್ವಿಮ್ಮಿಂಗ್ ಫಸ್ಟ್ ಅಂತ ಬರ್ದಿದೆ.”

ಪಕ್ಕದ ಮೇಜಿನವರು ವ್ಯಾಪಾರದ ಮಾತಿನಲ್ಲಿದ್ದರು. ಇಲ್ಲಿ ಕನ್ನಡ ಯಾರಿಗೂ ತಿಳಿಯದು. ಇಷ್ಟು ವರ್ಷ ಮನೆಯ ಗುಟ್ಟುಗಳೆಲ್ಲ ಹೊರಗಡೆ ಈ ಭಾಷೆಯ ಮರೆಯಲ್ಲೇ ಸುಖವಾಗಿದ್ದವು. ಆದರೆ ಮಗಳು ಕೂತಿದ್ದದ್ದು ಆ ಮರೆಯೊಳಗೇ. ಕಾಲು ಜಾರಿತು ಎನ್ನಲು ಶೇಷಗಿರಿಯವರು ಬಾಯಿ ತೆರೆದರು. ಈ ಸಲ ಆ ಕಾಲು ಜಾರಲಿಲ್ಲ.

“ಬರ್ತಿತ್ತು” ಎಂದರು ಕೊನೆಗೆ. “ಚೆನ್ನಾಗಿ ಬರ್ತಿತ್ತು.”

“ಮತ್ತೆ?”

“ಕಾಲೇಜಿಗೆ ಹೋಗಲ್ಲ ಅಣ್ಣ ಅಂದಿದ್ದ. ಯಾಕೋ ಅಂದ್ರೆ ಗೊತ್ತಿಲ್ಲ ಅಂದ. ಮಾರ್ಕ್ಸೆಲ್ಲ ಚೆನ್ನಾಗಿತ್ತು. ಏನಾಗಿದ್ಯೋ ನಿಂಗೆ ಅಂತ ಬೈದು ನಾನೇ ಬಸ್ ಹತ್ತಿಸ್ದೆ. ಮುಂದಿನ ಸ್ಟಾಪಲ್ಲೇ ಇಳಿದು ತೋಟದ ಬಾವಿ ಕಡೆ ಹೋದ್ನಂತೆ.”

ಗಾನವಿ ಅತ್ತಳು. ರಜೆಯುದ್ದಕ್ಕೂ ಕಣ್ಣಲ್ಲಿ ಒಂದು ಹನಿ ನೀರು ಬಂದಿರಲಿಲ್ಲ, ಈಗ ಬಿಕ್ಕಿ ಬಿಕ್ಕಿ ಅತ್ತಳು. ಶೇಷಗಿರಿಯವರ ಎದೆ ಒಡೆದುಹೋಯಿತು. ಅದನ್ನು ನೋಡಲು ಯಂತ್ರವೇನೂ ಬೇಕಾಗಿರಲಿಲ್ಲ. ಅವರು ಅರ್ಪಿತಾಗೆ ಫೋನು ಹಚ್ಚಿ, ಹೋಟೆಲಿನವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ, ತೆಲುಗಿನಲ್ಲೇ ಹೇಳಿದರು.

“ಮೇಡಂ, ನಮ್ಮ ಮನೆಯಲ್ಲಿ ಒಬ್ಬ ಇದ್ದ. ನನ್ನ ತಮ್ಮ. ತಾನಾಗಿಯೇ ಜೀವ ಕಳೆದುಕೊಂಡ. ಮಗಳನ್ನು ವಾಪಸ್ಸು ಕರೆದುಕೊಂಡು ಬರ್ತಿದೀನಿ. ಯಾವ ಡಾಕ್ಟರ ಹತ್ತಿರ ಹೋಗಬೇಕು, ಹೇಳಿ.”