ಉಪವಾಸದ ಉಪ್ಪಿಟ್ಟು

ನಮ್ಮವರು ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಅಡಿಗೆಭಟ್ಟರು. ಮನೆಗೆ ಬಂದರೆ ಸಾರಿಗೆ ಹುಳಿ ಹೆಚ್ಚು, ಪಲ್ಯಕ್ಕೆ ಒಗ್ಗರಣೆ ಕಡಿಮೆ ಎಂದು ಕೊಂಕು ತೆಗೆಯದೆ ಕೈ ತೊಳೆದವರಲ್ಲ. ಐವತ್ತರ ದಶಕದ ಒಂದು ವರ್ಷ ಅವರ ಕೊಂಕೂ ನಿಂತಿತು. ಮಾತಿಲ್ಲ, ನಿದ್ದೆಯಿಲ್ಲ, ಊಟ ಎರಡು ತುತ್ತು. ವಿಲೆ ಪಾರ್ಲೆಯ ನಮ್ಮ ಚಾಳಿನ ಗೋಡೆ ನೋಡುತ್ತ ಕೂತರೆ ಕೂತೇ ಇರುತ್ತಿದ್ದರು.

ನಾಲ್ಕು ವರ್ಷ ಹಿಂದೆಯೂ ಹೀಗೇ ಆಗಿತ್ತು. ಆಗ ತಲೆಗೆ ಕರೆಂಟು ಕೊಟ್ಟಿದ್ದರು. ಎಚ್ಚರವಿದ್ದಂತೆಯೇ ಮಂಚದಲ್ಲಿ ಮಲಗಿಸಿ, ಹಲ್ಲಿನ ನಡುವೆ ಬಟ್ಟೆ ಸುರುಳಿ ಇಟ್ಟು, ನಾಲ್ಕು ಜನ ಕೈಕಾಲು ಅದುಮಿ ಹಿಡಿದು! ಗುಣವೇನೋ ಆಯಿತು. ಆದರೆ ಬೆನ್ನುನೋವು ಆರು ತಿಂಗಳು ಕಾಡಿತು, ಹೆದರಿಕೆ ಹೋಗಲೇ ಇಲ್ಲ.

"ಸತ್ರೂ ಇನ್ನು ಆ ಮಂಚ ಹತ್ತುದಿಲ್ಲ ಮಾರಾಯ್ತಿ" ಎಂದಿದ್ದರು.

ಈ ಸಲದ ಡಾಕ್ಟರು ಬೇರೆ ಕ್ರಮ ಹೇಳಿದರು. ಮೊದಲು ನಿದ್ದೆಯ ಇಂಜೆಕ್ಷನ್, ಮತ್ತೆ ಮೈ ಸಡಿಲಾಗಲು ಇನ್ನೊಂದು, ಆಮೇಲೆ ಕರೆಂಟು. ಹಿಡಿಯುವ ಜನ ಬೇಡ. ಇವರನ್ನು ಒಪ್ಪಿಸಲು ನನಗೆ ಹದಿನೈದು ದಿನ ಬೇಕಾಯಿತು.

ದಿನ ಗೊತ್ತುಮಾಡಿಕೊಂಡು ಆಸ್ಪತ್ರೆಯಿಂದ ಹೊರಡುವಾಗ ನರ್ಸು ಮರಾಠಿಯಲ್ಲಿ, "ಉದ್ಯಾ ಉಪಾಶಿ ಪೋಟಿ ಆಣಾ" ಎಂದಳು. ನಾಳೆ ಉಪವಾಸ ಮಾಡಿಸಿ ಕರೆತನ್ನಿ ಎಂದು ನಾನು ತಿಳಿದೆ. ಮರುದಿನ ಶನಿವಾರ ಬೇರೆ. ನಮ್ಮಲ್ಲಿ ಶನಿವಾರದ ಉಪವಾಸವೆಂದರೆ ಅನ್ನ ಬಿಡುವುದು, ಹೊಟ್ಟೆ ಬಿಡುವುದಲ್ಲ! ಬೆಳಿಗ್ಗೆ ಬಿಸಿ ಉಪ್ಪಿಟ್ಟು ಮಾಡಿ, ಅತ್ತು ಕರೆದು ಒಂದು ತಟ್ಟೆ ತಿನ್ನಿಸಿದೆ.

ಆಸ್ಪತ್ರೆಯಲ್ಲಿ ಅದನ್ನು ಕೇಳಿ ನರ್ಸು ಹಣೆ ಚಚ್ಚಿಕೊಂಡಳು. "ಅರೆ ದೇವಾ! ಪೋಟಾತ್ ಕಾಹೀ ನಕೋ!" ಹೊಟ್ಟೆಯಲ್ಲಿ ಏನೂ ಇರಕೂಡದಂತೆ, ಮದ್ದಿನ ನಿದ್ದೆಯಲ್ಲಿ ವಾಂತಿಯಾದರೆ ಉಸಿರಿಗೇ ಸಿಕ್ಕಿಬಿಡುತ್ತದಂತೆ. ಡಾಕ್ಟರು ನಕ್ಕು ಸೋಮವಾರ ಬರಹೇಳಿದರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಸೋಮವಾರ ಇವರು ಚಾಪೆಯಿಂದ ಏಳಲಿಲ್ಲ. "ಒಂದು ಸಲ ಧೈರ್ಯ ಮಾಡಿದ್ದೆ. ಇನ್ನೊಂದು ಸಲಕ್ಕೆ ಎಲ್ಲಿಂದ ತರ್ಲಿ?"

ತಪ್ಪು ನನ್ನದು, ಸಿಟ್ಟೂ ನನಗೇ ಬಂತು. "ನನ್ನ ಹತ್ರ ಸ್ವಲ್ಪ ಉಂಟು, ತಕೊಳ್ಳಿ! ನಾನೂ ನೀರು ಮುಟ್ಲಿಲ್ಲ. ನೀವು ಬರುವವರೆಗೆ ಮುಟ್ಟುದಿಲ್ಲ, ನೋಡಿ!" ಎಂದು ಕೂಗಿದೆ. ಪಕ್ಕದ ಖೋಲಿಯವರೆಲ್ಲ ಬಾಗಿಲಿಗೆ ಬಂದರು. ಮರ್ಯಾದೆಗೆ ಅಂಜಿಯೋ ಏನೋ, ಎದ್ದು ಅಂಗಿ ತೊಟ್ಟರು.

ಆಸ್ಪತ್ರೆಯಲ್ಲಿ ಕರೆಂಟು ಕೊಡುವ ಕೋಣೆಯ ಬಾಗಿಲಾಚೆ ನಿಂತು ಅವರ ಕೂಗಿಗಾಗಿ ಕಿವಿಗೊಟ್ಟೆ. ಕೂಗೇ ಇಲ್ಲ. ಕಾಲ್ಬೆರಳು ಚೂರು ನಡುಗಿದ್ದು ಬಿಟ್ಟರೆ ಏನೂ ಆಗಲಿಲ್ಲವೆಂದು ನರ್ಸು ಹೇಳಿದಳು. ಒಳಗೆ ಹೋದರೆ, ಊಟದ ಹೊತ್ತು ಮುಗಿಸಿ ಹೋಟೆಲಿನ ಬೆಂಚಿನಲ್ಲಿ ಮಲಗುವ ಹಾಗೆ ಮಲಗಿದ್ದಾರೆ! ನನಗೆ ಅಳುವೂ ನಗುವೂ ಒಟ್ಟಿಗೇ ಬಂತು.

ಹಾಗೆ ಆರು ಸಲ ಆಯಿತು. ಮುಖ ತಿಳಿಯಾಯಿತು, ನಿದ್ದೆ ಬಂತು. ಆದರೆ ನೆನಪು ಕಲಸುಮೇಲೋಗರ. ಸ್ಟೇಶನ್ನಿಗೆ ಯಾವ ದಾರಿ ಎಂದು ಕೇಳುವರು, ಆಸ್ಪತ್ರೆಗೆ ಹೋದದ್ದೇ ಗೊತ್ತಿಲ್ಲ ಎನ್ನುವರು. ದಿನ ಹೋದಂತೆ ಸರಿಯಾಗುತ್ತದೆ ಎಂದು ಡಾಕ್ಟರು ಹೇಳಿದ್ದರೂ, ನನ್ನನ್ನೇ ಮರೆತರೆ ಎಂಬ ಭಯ ನನಗೆ.

ಒಂದು ಬೆಳಿಗ್ಗೆ ನಾನು ರವೆ ಹುರಿಯುತ್ತಿದ್ದೆ. ಹಿಂದೆ ಬಂದು ನಿಂತವರು ಬಾಣಲೆಗೆ ಇಣುಕಿದರು.

"ಆಚೆ ಸರಿ. ಆ ಶನಿವಾರ ಉಪ್ಪೇ ಹಾಕ್ಲಿಲ್ಲ ನೀನು. ಎಂಥ ಉಪ್ಪಿಟ್ಟು ಅದು, ಥೂ!"

ಅಷ್ಟು ವರ್ಷದ ಸಂಸಾರದಲ್ಲಿ ನನ್ನ ಅಡಿಗೆಗೆ ಕೊಂಕು ತೆಗೆದಾಗ ಸಂತೋಷವಾದದ್ದು ಅದೊಂದೇ ಸಲ. ಸಟ್ಟುಗ ಅವರ ಕೈಗೆ ಕೊಟ್ಟು ಆಚೆ ಸರಿದೆ.