ಎಡಗಡೆ ನಿಂತ ಹಾಲೇಶಪ್ಪ

ತಕ್, ತಕ್, ತಕ್, ತಕ್. ಉಸಿರು ತೆಗೆದುಕೊಳ್ಳಲೂ ಬಿಡುವು ಕೊಡದ ಏಟುಗಳು. ಹರಿಹರದ ರೈಲ್ವೆ ಸ್ಟೇಷನ್ ಹಿಂದಿನ ತಗಡಿನ ಶೆಡ್ಡಿನಿಂದ ಆ ಶಬ್ದ ಬರುತ್ತಿದ್ದಾಗ ದಾರಿಯಲ್ಲಿ ಹೋಗುವವರು ನಿಂತು ಇಣುಕಿದ್ದು ನೆನಪಿದೆ. ಒಳಗೆ ಯಾರೋ ಯಾರನ್ನೋ ಬಡಿಯುತ್ತಿದ್ದಾರೆ ಅಂದುಕೊಂಡಿರಬೇಕು. ಏಟಿನ ಶಬ್ದ ನನಗೆ ಚೆನ್ನಾಗಿ ಗೊತ್ತಿತ್ತು. ಒಳಗೇ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರೂ ಒಂದೊಂದು ಏಟಿಗೂ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಏಟು ತಿನ್ನುತ್ತಿದ್ದದ್ದು ನನ್ನ ಚಿಕ್ಕು ಮರ. ಉಳಿ ಹಿಡಿದಿದ್ದವನು ಹಾಲೇಶಪ್ಪ.

ಕುಳ್ಳ ಮನುಷ್ಯ. ಮೊಣಕೈವರೆಗೆ ಮರದ ಹೊಟ್ಟು, ಹುಬ್ಬಿನ ಮೇಲೆ ಹೊಟ್ಟು, ಒಂದು ಕಡೆ ದಾರ ಕಟ್ಟಿದ ಕನ್ನಡಕ. ಮೋಟಾರಿನ ಲೇತ್ ಮೇಲೆ ತೊಟ್ಟಿಲ ಕಾಲು, ಮಂಚದ ಕಾಲು, ಲಟ್ಟಣಿಗೆ ಕಡೆದು ಕೊಡುವುದು ಆತನ ಕಸುಬು. ಆದರೆ ಊರು ಆತನನ್ನು ಗುರುತಿಸುತ್ತಿದ್ದದ್ದು ಬಾಯಿಯಿಂದ. "ಗಂಗೀ, ಉಳಿ ತಾರೇ!" ಎಂದು ಹೆಂಡತಿಯನ್ನು ಕೂಗಿದರೆ ಪ್ಲಾಟ್‌ಫಾರ್ಮಿನಲ್ಲಿ ಕೂತವರು ತಿರುಗಿ ನೋಡಬೇಕು. ಗಂಗಮ್ಮ ನಾಲ್ಕೇ ಮಾರು ದೂರದಲ್ಲಿ ಇರುತ್ತಿದ್ದಳು. ನಾನು ಕಾನ್ವೆಂಟಿನಲ್ಲಿ ಓದಿದವಳು. 'ಎ ಲೇಡಿ ನೆವರ್ ರೇಸಸ್ ಹರ್ ವಾಯ್ಸ್' ಎಂದು, ಹೆಣ್ಣಾದವಳು ದನಿ ಎತ್ತಬಾರದೆಂದು, ಸಿಸ್ಟರ್ ನೂರು ಸಲ ಬರೆಸಿದ್ದರು. ಎಂಥ ಅನ್‌ಕಲ್ಚರ್ಡ್ ಮನುಷ್ಯನಪ್ಪಾ ಎಂದು ಮೂಗು ಮುರಿಯುತ್ತಿದ್ದೆ.

ಸಿಟ್ಟಂತೂ ಮೂಗಿನ ತುದಿಯಲ್ಲೇ. ಒಮ್ಮೆ ಭಾನುವಳ್ಳಿಯವನೊಬ್ಬ ತೊಟ್ಟಿಲ ಕಾಲುಗಳನ್ನು ನೆಲದ ಮೇಲೆ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನೋಡಿ, "ಇದೊಂದು ಸೊಟ್ಟ ಐತಲ್ಲೋ ಹಾಲೇಶಿ" ಅಂದ. ಹಾಲೇಶಪ್ಪ ನಾಲ್ಕೂ ಕಾಲುಗಳನ್ನು ಕೊಡಲಿಯಲ್ಲಿ ಸೀಳಿ, ಚಹಾದ ಒಲೆಗೆ ತುರುಕಿ, "ಈಗ ನೋಡೋ, ಹೊಗಿ ನೆಟ್ಟಗ ಹೋಗ್ತೈತೆ" ಅಂದ. ಗಿರಾಕಿ ಬೈಯುತ್ತ ಅಂಗಳ ದಾಟುವಷ್ಟರಲ್ಲಿ ಹಿಂದಿನಿಂದ ಅದೇ ದೊಡ್ಡ ಗಂಟಲು: "ಬರೋ ಸೋಮಾರ ಬಾ! ಕೂಸಿಗೆ ತೊಟ್ಲು ಬ್ಯಾಡೇನು?"

ನಮ್ಮ ಮನೆಯ ಮಂಚದ ಕಾಲುಗಳನ್ನು ಕಡೆದವನೂ ಆತನೇ. ಹಾಗಾಗಿ ನನ್ನ ಮರ ಹೋದ ಮಾರನೆಯ ಬೆಳಿಗ್ಗೆ ನನಗೆ ಆತನ ನೆನಪಾಯಿತು.

ನಮ್ಮ ಮನೆ ದಾವಣಗೆರೆಯಲ್ಲಿ. ಯಜಮಾನರದು ದಲ್ಲಾಳಿ ಅಂಗಡಿ. ಮದುವೆಯಾಗಿ ಬಂದ ವರ್ಷ ನಾನೇ ಹಿತ್ತಿಲಲ್ಲಿ ಆ ಚಿಕ್ಕು ಸಸಿ ನೆಟ್ಟಿದ್ದೆ. ಮಕ್ಕಳಾಗಲಿಲ್ಲ, ಮರ ಮಾತ್ರ ಆಯಿತು. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಹೊತ್ತಿಗೆ ಆವರಗೆರೆ ಕಡೆಯ ನರ್ಸರಿ ಸ್ಕೂಲೊಂದಕ್ಕೆ ಅವರಿಗೆ ಹೇಳದೆ ಅಪ್ಲಿಕೇಷನ್ ಹಾಕಿದೆ. ಅಪಾಯಿಂಟ್‌ಮೆಂಟ್ ಲೆಟರ್ ಅವರ ಕೈಗೇ ಸಿಕ್ಕಿತು. ಅವತ್ತಿನ ಏಟುಗಳಲ್ಲಿ ನನ್ನ ಎಡಗೈ ಮಣಿಕಟ್ಟು ಉಳುಕಿತು. ಯಾವಾಗಿನಂತೆ ಒಳಗೆ ಹೋಗಿ ಅಡುಗೆಗೆ ನಿಲ್ಲದೆ, ಮೊದಲ ಸಲ ಹಿತ್ತಿಲಿಗೆ ಹೋಗಿ ಮರದ ಬುಡದಲ್ಲಿ ಕೂತೆ. ಒಳಗೆ ಬಾ ಅಂದರು. ಏಳಲಿಲ್ಲ. ಕೊಡಲಿ ತಂದರು. ನನ್ನ ತಲೆಯ ಮೇಲಿನ ಕೊಂಬೆಯಿಂದ ಶುರುಮಾಡಿ ಬುಡದವರೆಗೆ ಕಡಿದರು. ಕೆಂಪು ಮರದಿಂದ ಬಿಳಿ ಹಾಲು ಸುರಿದು ನನ್ನ ಸೀರೆಯ ಮೇಲೆಲ್ಲ ಅಂಟಿತು. ಮಾರನೆಯ ದಿನ ಅವರು ಅಂಗಡಿಗೆ ಹೋದ ಮೇಲೆ ಟೆಂಪೊ ಕರೆಸಿ, ಬುಡದ ತುಂಡನ್ನು ಹೇರಿಸಿಕೊಂಡು, ಹರಿಹರದಲ್ಲಿದ್ದ ದೊಡ್ಡಮ್ಮನ ಮಗಳ ಮನೆಗೆ ಹೊರಟುಬಂದೆ. ಸೋಮವಾರ ಕೆಲಸಕ್ಕೆ ಸೇರಬೇಕಿತ್ತು. ಸೇರುತ್ತೇನೆ ಎಂಬ ಧೈರ್ಯ ಏನೂ ಇರಲಿಲ್ಲ. ಹೀಗೆ ಹಿಂದೆಯೂ ಎರಡು ಸಲ ಬಂದಿದ್ದೆ. ಅವರು ಬಂದು ಕರೆದಾಗ ಎದ್ದು ಹೋಗಿದ್ದೆ.

ಹಾಲೇಶಪ್ಪ ಮರದ ತುಂಡಿನ ಸುತ್ತ ಎರಡು ಸುತ್ತು ಬಂದ. ಗಾಯಗಳನ್ನು ಬೆರಳಿನಲ್ಲಿ ಸವರಿದ.

"ಕಡಿದೋರು ಯಾರ್ರಿ ಅಕ್ಕಾರೆ?"

"ನಮ್ಮ ಯಜಮಾನರು."

"ಮರ ಕಡಿಯೋನು ಒಂದ ಜಾಗಕ್ಕೆ ಹೊಡಿತಾನ್ರಿ. ಇಲ್ಲೊಂದು, ಅಲ್ಲೊಂದು, ಕೆಳಗೊಂದು. ಇದು ಕಡಿದಿದ್ದಲ್ಲ, ಬಡಿದಿದ್ದು." ಆಮೇಲೆ ನನ್ನ ಮಣಿಕಟ್ಟಿನ ಬ್ಯಾಂಡೇಜು ನೋಡಿದ. ಬೇರೇನೂ ಕೇಳಲಿಲ್ಲ. ತುಂಡಿನ ಎರಡೂ ತುದಿಗೆ ಸಗಣಿ ಮೆತ್ತಿದ, ಬೇಗ ಒಣಗಿ ಸೀಳದಿರಲಿ ಎಂದು.

ನನಗೆ ಬೇಕಾದದ್ದು ಒಂದು ಬಟ್ಟಲು. ಅಂಚಿನಲ್ಲಿ ತೊಗಟೆ ಹಾಗೇ ಉಳಿದಿರಬೇಕು. ಅಂಥದೊಂದು ನಮ್ಮ ಸಿಸ್ಟರ್ ಮೇಜಿನ ಮೇಲಿತ್ತು, ಅವರ ದೇಶದಿಂದ ತಂದದ್ದು. ಹಾಲೇಶಪ್ಪನಿಗೆ ಅವಮಾನವೇ ಆಯಿತು. "ತೊಗಟೆ ಬಿಟ್ಟು ಕೊಟ್ರೆ ಅರ್ಧ ಗಡ್ಡ ಬೋಳಿಸಿ ಮದ್ವಿಗೆ ಕಳಿಸಿದಂಗೆ ಆಗ್ತೈತ್ರಿ. ಜನ ನನ್ನ ಮುಖಕ್ಕೆ ಉಗೀತಾರೆ."

"ಉಗಿದರೆ ನನ್ನ ಹೆಸರು ಹೇಳಿ. ಅದು ಇದ್ದ ಹಾಗೆ ಇರಬೇಕು ನನಗೆ."

ಗಂಗಮ್ಮ ನಕ್ಕಳು. "ಮಾಡಿಕೊಡ್ರಿ ಅತ್ಲಾಗೆ. ನಿಮ್ಮ ಮುಖಕ್ಕೇನು ಹೊಸದಾಗಿ ಉಗೀಬೇಕೇನು?"

ಒಪ್ಪಿದ ಮೇಲೆ ಆ ತುಂಡನ್ನು ಕೂಸಿನ ಹಾಗೆ ಎತ್ತಿದ. "ಹಸಿ ತೊಗಟೆ. ಒಂದು ಏಟು ಬಿದ್ರೂ ಮರದಿಂದ ಬಿಡ್ತೈತೆ. ಬಿಟ್ಟ ಮ್ಯಾಲೆ ಯಾವ ಅಂಟಿಗೂ ಕೂಡಂಗಿಲ್ಲ." ನಡುವೆ ಸೀಳಿ, ಅರ್ಧ ಭಾಗವನ್ನು ಲೇತಿಗೆ ಬಿಗಿದು ಮೋಟಾರು ಹಾಕಿದ. ದುಂಡು ಮರ ತಿರುಗುವಾಗ ಜೇನಿನ ಹಾಗೆ ಗುಂಯ್ ಅನ್ನುತ್ತದೆ. ಇದು ಉಬ್ಬುತಗ್ಗಿನ ಮರ. ಉಳಿಯ ಬಾಯಿಗೆ ಒಂದು ಸಲ ಮರ, ಒಂದು ಸಲ ಬರೀ ಗಾಳಿ. ಆದ್ದರಿಂದಲೇ ಆ ತಕ್, ತಕ್. ಅರ್ಧ ಗಂಟೆ ಆಗಿರಬೇಕು, ತೊಗಟೆಯ ಒಂದು ಚೂರು ಹಾರಿ ಆತನ ಹಣೆಗೆ ಬಡಿಯಿತು. ಕನ್ನಡಕ ಒಂದು ಕಡೆ, ಆತ ಒಂದು ಕಡೆ. ರಕ್ತ ಮೂಗಿನ ಮೇಲಿಂದ ಇಳಿದು ಗಡ್ಡದ ಹೊಟ್ಟಿನಲ್ಲಿ ಇಂಗಿತು. ನಾನು ಚೀರಿದೆ. ಗಂಗಮ್ಮ ಸೆರಗು ಹರಿದು ಕಟ್ಟಿದಳು. ಆತ ನೆಲದ ಮೇಲೆ ಕೂತು ಹಲ್ಲು ಬಿಡುತ್ತಿದ್ದ. "ಏಟು ತಿಂದ ಮರ ಅಲ್ಲೇನ್ರಿ ಅಕ್ಕಾರೆ. ಯಾರಿಗಾದ್ರೂ ತಿರುಗಿ ಕೊಡಬೇಕಿತ್ತು."

ಆಗಲೇ ನಮ್ಮ ಯಜಮಾನರು ಒಳಗೆ ಬಂದದ್ದು. ಟೆಂಪೊದವನು ಹೇಳಿಬಿಟ್ಟಿದ್ದ.

"ಮರದ ಹೆಣ ಹೊತ್ಕೊಂಡು ಊರೂರು ತಿರುಗ್ತೀಯೇನು? ಏಳು, ನಡಿ ಮನಿಗೆ."

ನಾನು ಆಗಲೇ ಬ್ಯಾಗು ಕೈಗೆ ತೆಗೆದುಕೊಂಡಿದ್ದೆ. ಅಭ್ಯಾಸ, ಮತ್ತೇನು? ಆದರೆ ಬಾಯಿಂದ, "ಸೋಮವಾರ ನನ್ನ ಜಾಯಿನಿಂಗ್ ಇದೆ," ಎಂಬ ಮಾತು ಬಂದುಬಿಟ್ಟಿತು. ಅವರ ಕೈ ಮೇಲೆದ್ದಿತು.

"ಸಾವ್ಕಾರ್ರೆ, ಕೈ ಹಂಗೇ ಒಂದು ನಿಮಿಷ ಇರ್ಲಿ," ಅಂದ ಹಾಲೇಶಪ್ಪ. ಎದ್ದು ಮೋಟಾರು ಆರಿಸಿದ. ಅಷ್ಟು ಮೆಲುದನಿಯಲ್ಲಿ ಆತ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಗಂಗಮ್ಮ ಆಚೆ ಕೂತು ರಕ್ತವಾದ ಹೊಟ್ಟನ್ನು ಗೋರುತ್ತಿದ್ದಳು. ಆತ ಅವಳ ಬೆನ್ನ ಹಿಂದೆ, ಎಡಗಡೆಗೆ ಹೋಗಿ ನಿಂತ.

"ಗಂಗೀ."

ಅವಳು ತಿರುಗಲಿಲ್ಲ.

"ಗಂಗೀ, ಇಲ್ಲಿ ನೋಡು. ಗಂಗೀ, ಶೆಡ್ಡಿಗೆ ಬೆಂಕಿ ಬಿದ್ದೈತೆ."

ಅವಳು ಹೊಟ್ಟು ಗೋರುತ್ತಲೇ ಇದ್ದಳು.

"ಇದು ನನ್ನ ಕೈಕೆಲಸ ರೀ ಸಾವ್ಕಾರ್ರೆ. ಮದ್ವಿ ಆಗಿ ಮೂರು ವರ್ಷ ಆಗಿತ್ತು. ಯಾಕ ಹೊಡೆದೆ ಅಂತ ನೆಪ್ಪಿಲ್ಲ. ಒಂದ ಏಟು. ಎಡಗಿವಿ ಹೋತು. ಬಲಗಿವಿನೂ ಈಗ ಮಂದ. ಇಪ್ಪತ್ತೆಂಟು ವರ್ಷದಿಂದ ಕೂಗ್ತಾ ಇದೀನಿ."

ಗಂಗಮ್ಮ ತಲೆ ಎತ್ತಿ, ನಾವು ಮೂವರೂ ತನ್ನನ್ನೇ ನೋಡುತ್ತಿರುವುದು ಕಂಡು ಗಾಬರಿಯಾದಳು. "ಏನ್ರಿ, ನನ್ನ ಮುಖಕ್ಕೂ ರಕ್ತ ಹತ್ತೈತೇನು?"

ಯಜಮಾನರ ಕೈ ಕೆಳಗಿಳಿಯಿತು. ಬದಲಾದರು ಎಂದು ಬರೆದರೆ ಸುಳ್ಳಾಗುತ್ತದೆ. ಹೊರಗೆ ಹೋಗಿ ಬಾಗಿಲ ತಗಡಿಗೆ ಒದ್ದರು, ಅದು ಬಹಳ ಹೊತ್ತು ಅದುರಿತು. ಆದರೆ ನಾನು ಅವರ ಹಿಂದೆ ಹೋಗಲಿಲ್ಲ. ಬ್ಯಾಗು ಕೆಳಗಿಟ್ಟೆ. ನನ್ನ ಜೀವನದಲ್ಲಿ ಬ್ರೇವ್ ಅನ್ನುವಂಥದ್ದು ಮಾಡಿದ್ದರೆ ಅದೊಂದೇ.

ಭಾನುವಾರ ಬಟ್ಟಲು ತರಲು ಹೋದೆ. ಕುಸುಬೆ ಎಣ್ಣೆ ಕುಡಿದು ಒಳಗೆಲ್ಲ ಕೆಂಪಗೆ ಮಿನುಗುತ್ತಿತ್ತು. ಅಂಚು ಎರಡು ಕಡೆ ಎದ್ದು ಎರಡು ಕಡೆ ತಗ್ಗಿ, ಸುತ್ತ ಒರಟು ತೊಗಟೆ. ಹಣೆಗೆ ಬಡಿದ ಚೂರಿನಷ್ಟು ಜಾಗ ಬೋಳು. ಕೊಡಲಿಯ ಒಂದು ಕಚ್ಚು ಅಂಚಿನಲ್ಲೇ ಉಳಿದಿತ್ತು. "ತೆಗಿಲೇನ್ರಿ?" ಅಂದ. ಬೇಡ ಅಂದೆ. ಈಗ ಅದರಲ್ಲಿ ನನ್ನ ಬಿಪಿ ಮಾತ್ರೆಗಳಿರುತ್ತವೆ.

ಗಂಗಮ್ಮ ಹೊರಗೆ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಹಾಲೇಶಪ್ಪ ಬಟ್ಟಲನ್ನು ಪೇಪರಿನಲ್ಲಿ ಸುತ್ತುತ್ತ ತಲೆ ಎತ್ತದೆ ಕೇಳಿದ. "ಅಕ್ಕಾರೆ, ನೀವು ಓದಿದೋರು. ನೀವು ಬಿಟ್ಟು ಬಂದ್ರಿ. ಆಕಿ ಯಾಕ ಹೋಗಲಿಲ್ಲ?"

"ಅವಳನ್ನೇ ಕೇಳಿ."

"ಕೇಳೀನ್ರಿ. ಭಾಳ ಸಲ ಕೇಳೀನಿ." ದಾರ ಕಟ್ಟಿ ಹಲ್ಲಿನಲ್ಲಿ ಕಡಿದ. "ಎಡಗಡೆ ನಿಂತು ಕೇಳೀನಿ."

ನಾಲ್ಕು ವರ್ಷ ಬಿಟ್ಟು ಹೋದಾಗ ಶೆಡ್ಡಿನ ಜಾಗದಲ್ಲಿ ಸೈಕಲ್ ಸ್ಟ್ಯಾಂಡ್ ಇತ್ತು. ಇಬ್ಬರೂ ಎಲ್ಲಿಗೆ ಹೋದರೋ ಯಾರೂ ಹೇಳಲಿಲ್ಲ. ಹಾಗಾಗಿ ಆ ಭಾನುವಾರವೇ ಕೊನೆ.

ಅವತ್ತು ಬಟ್ಟಲನ್ನು ತೊಡೆಯ ಮೇಲೆ ಇಟ್ಟುಕೊಂಡು ಆಟೋದಲ್ಲಿ ಕೂತಿದ್ದೆ. ಡ್ರೈವರ್ ಹ್ಯಾಂಡಲ್ ಎಳೆಯುತ್ತಿದ್ದ, ಗಾಡಿ ಸ್ಟಾರ್ಟ್ ಆಗುತ್ತಿರಲಿಲ್ಲ. ಹಾಲೇಶಪ್ಪ ಹೊರಗೆ ಬಂದು ಕಟ್ಟೆಯ ಹತ್ತಿರ, ಹೆಂಡತಿಯ ಬೆನ್ನ ಹಿಂದೆ, ಎಡಗಡೆ ನಿಂತ. ಹಣೆಯ ಮೇಲೆ ಆ ಸೆರಗಿನ ಪಟ್ಟಿ ಹಾಗೇ ಇತ್ತು. ತುಟಿ ಅಲ್ಲಾಡಿತು. ಅವಳು ಕಾಯಿ ಸುಲಿಯುತ್ತಲೇ ಇದ್ದಳು. ಮತ್ತೆ ಅಲ್ಲಾಡಿತು.

ನನಗೇನಾಯಿತೋ. ಆಟೋದಿಂದ ಅರ್ಧ ಹೊರಗೆ ಬಾಗಿ, ಸಿಸ್ಟರ್ ಬರೆಸಿದ ನೂರು ಸಾಲನ್ನೂ ಮರೆತು, ಸ್ಟೇಷನ್ ತುಂಬ ಕೇಳುವ ಹಾಗೆ ಕಿರುಚಿದೆ:

"ಹಾಲೇಶಪ್ಪಾ! ಬಲಗಡೆ ನಿಂತು ಕೇಳ್ರೀ!"

ಗಂಗಮ್ಮನ ಬಲಗಿವಿ ರಸ್ತೆಯ ಕಡೆ ಇತ್ತು. ಅವಳಿಗೆ ಕೇಳಿಸಿತು. ಮೊದಲು ನನ್ನನ್ನು ನೋಡಿದಳು. ಆಮೇಲೆ ನಿಧಾನವಾಗಿ ತಿರುಗಿ, ಹಿಂದೆ ಬಾಯಿ ತೆರೆದು ನಿಂತಿದ್ದ ಗಂಡನನ್ನು ನೋಡಿದಳು. ಮಡಿಲಿನ ಅವರೆಕಾಯಿ ಪಕ್ಕಕ್ಕೆ ಸರಿಸಿ, ಕಟ್ಟೆಯ ಮೇಲೆ ತನ್ನ ಬಲಗಡೆ ಜಾಗ ಬಿಟ್ಟಳು.

ಆಟೋ ಸ್ಟಾರ್ಟ್ ಆಯಿತು.