ಅರ್ಧಕ್ಕೆ ನಿಂತ ಅಂತರಾ

ನನ್ನದು ಹುಟ್ಟಾ ಅನುಮಾನದ ಬುದ್ಧಿ. ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ನನ್ನ ಕಡೆ ನೋಡಿ ನಕ್ಕರೆ, ನನ್ನ ಹಿಂದೆ ಇನ್ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡದೆ ನಾನು ನಗುವುದಿಲ್ಲ. ಹಾಡು ಕಟ್ಟುವ ಕೆಲಸಕ್ಕೆ ಇಳಿದ ಮೇಲಂತೂ ಈ ರೋಗ ಹೆಚ್ಚಾಯಿತು. ಒಂದು ಸಾಲು ಸಲೀಸಾಗಿ ಬಂದರೆ ಸಾಕು, ಇದನ್ನು ಎಲ್ಲೋ ಕೇಳಿದ್ದೇನೆ, ಇದು ಇನ್ನಾರದೋ ಎಂದು ನನ್ನ ಮೇಲೆ ನನಗೇ ಸಂಶಯ.

ಹಿಂದುಸ್ತಾನಿ ರಾಗಗಳಲ್ಲಿ ಕನ್ನಡದ ಮಾತಿಟ್ಟು ಹೊಸ ಚೀಜು ಕಟ್ಟುವುದು ನನ್ನ ಕೆಲಸ. ಸಂಜೆಯ ಪಾಠಗಳು ಹೊಟ್ಟೆಪಾಡು. "ಇದ್ದವ ಸಾಕಾಗಿಲ್ಲೇನ್ರಿ, ಅಕ್ಕಾರ?" ಎಂದು ಕೇಳುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅಂಥವರ ಮುಂದೆಯೇ, ಧಾರವಾಡದಲ್ಲಿ, ಬರೀ ನನ್ನ ರಚನೆಗಳದ್ದೇ ಒಂದು ಬೆಳಗಿನ ಸಂಗೀತ ಬೈಠಕ್ ನಿಗದಿಯಾಯಿತು. ಅದಕ್ಕೆಂದು ಜೌನ್‌ಪುರಿ ರಾಗದಲ್ಲಿ ಹೊಸದೊಂದನ್ನು ಹಿಡಿದಿದ್ದೆ. ಮೊದಲ ಭಾಗ ಚೆನ್ನಾಗಿ ಕೂತಿತ್ತು: "ಬಾಗಿಲ ತೆರದೇನಿ, ಬೆಳಗೇ ಬಾರೋ." ಮೇಲಕ್ಕೇರುವ ಎರಡನೆಯ ಭಾಗ, ಅಂದರೆ ಅಂತರಾ, "ಹೊಸ್ತಿಲ ದಾಟಿದ ಹೆಜ್ಜೆಗಳ" ಎನ್ನುವಲ್ಲಿಗೆ ಬಂದು ನಿಂತುಬಿಟ್ಟಿತು. ಜಪ್ಪಯ್ಯ ಅಂದರೂ ಮುಂದಕ್ಕೆ ಹೋಗಲೊಲ್ಲದು.

ನಾನು ಕೆಲಸ ಮಾಡುವ ರೀತಿಯೂ ಹಾಗೆಯೇ. ಬೆಳಿಗ್ಗೆ ಮುಂದಿನ ಕೋಣೆಯ ಬಾಗಿಲು ಹಾಕಿಕೊಂಡು, ಫೋನಿನಲ್ಲಿ ತಂಬೂರಿ ಹಚ್ಚಿ ಕೂರುತ್ತೇನೆ. ಮನಸ್ಸಿಗೆ ಬರದಿದ್ದರೆ ಸ್ವರ ಬಾಯಲ್ಲಿರುವಾಗಲೇ ಕಚ್ಚಿ ನಿಲ್ಲಿಸಿಬಿಡುತ್ತೇನೆ. ಆ ಹೊತ್ತಿಗೆ ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿರುತ್ತಾರೆ. ನನ್ನ ಗಂಡ ಬೈಕ್ ತೆಗೆದು ಕಿತ್ತೂರಿನ ಕಾಲೇಜಿಗೆ ಹೊರಡುತ್ತಾನೆ. ನಾನು ನಿಲ್ಲಿಸಿದೊಡನೆ ರೊಟ್ಟಿಯ ಸದ್ದೂ ನಿಂತು, ಒಳಗಿನಿಂದ ಅತ್ತೆಯ ಗುಣುಗುಣು ಕೇಳಿಸುತ್ತಿತ್ತು. ನನ್ನನ್ನೇ ಬೈದುಕೊಳ್ಳುತ್ತಿದ್ದಾರೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಅನುಮಾನ ಬಾರದ ಒಂದೇ ಒಂದು ವಿಷಯ ಅದಾಗಿತ್ತು.

ಹೀಗಿರುವಾಗ ಒಂದು ದಿನ ನನಗೆ ಸಾಥ್ ಕೊಡುವ ಹಾರ್ಮೋನಿಯಂನವರು ಸವದತ್ತಿಯಿಂದ ಬಂದವರು, ಪೆಟ್ಟಿಗೆಯನ್ನು ಕೆಳಗಿಡುವ ಮೊದಲೇ ಹೇಳಿದರು:

"ಅಕ್ಕಾರ, ಶುಕ್ರವಾರ ಸಿರಸಂಗ್ಯಾಗ ಕಾಳಮ್ಮನ ಗುಡಿಗೆ ಹೋಗಿದ್ದೆ. ಅಲ್ಲಿ ಹೆಣ್ಮಕ್ಕಳು ನಿಮ್ಮ ಚೀಜು ಹಾಡಾಕತ್ತಿದ್ರು ನೋಡ್ರಿ. ಬಾಗಿಲ ತೆರದೇನಿ."

ಇನ್ನೂ ಮುಗಿಯದ ಹಾಡು, ವೇದಿಕೆಗೆ ಬಾರದ ಹಾಡು, ಭಜನೆಯವರ ಬಾಯಲ್ಲಿ! ನಾಳೆ ಧಾರವಾಡದಲ್ಲಿ ಯಾರಾದರೂ ಎದ್ದು, ಇದು ಸಿರಸಂಗಿಯ ಭಜನೆಯ ಧಾಟಿ, ಇವಳೇನು ಕಟ್ಟಿದ್ದು ಎಂದರೆ ನಾನು ಯಾವ ಮುಖ ಇಟ್ಟುಕೊಂಡು ಕೂರಲಿ? ಕಟ್ಟುವವಳು ಎಂಬ ಹೆಸರು ಹುಟ್ಟುವ ಮೊದಲೇ ಕದ್ದವಳು ಎಂಬ ಹೆಸರು ಬರುತ್ತದೆ.

ಮೊದಲ ಸಂಶಯ ಎದುರಿಗೆ ಕೂತವರ ಮೇಲೆಯೇ. ಆ ಹಾಡನ್ನು ಕೇಳಿದ್ದವರು ಇಬ್ಬರೇ. ಒಬ್ಬರು ಇವರು. ತಾವೇ ಕೊಟ್ಟು ತಾವೇ ಬಂದು ಹೇಳಿದರೆ ಯಾರೂ ಅನುಮಾನಿಸುವುದಿಲ್ಲ ಎಂಬ ಉಪಾಯ ಇರಬಹುದಲ್ಲ? ಇನ್ನೊಬ್ಬಳು ಕಿತ್ತೂರಿನಿಂದ ಪಾಠಕ್ಕೆ ಬರುವ ಶಿಷ್ಯೆ. ಆಕೆ ಯಾವಾಗಲೂ ಫೋನನ್ನು ಮೊಣಕಾಲಿನ ಪಕ್ಕ ಬೋರಲು ಇಟ್ಟುಕೊಂಡೇ ಕೂರುವವಳು. ಹಾಗೆ ಯಾಕೆ ಇಡಬೇಕು?

ನಾನೊಂದು ಬಲೆ ಹೆಣೆದೆ. ಅಂತರಾಕ್ಕೆ ಹೇಗೋ ತೇಪೆ ಹಚ್ಚಿ ಮುಗಿಸಿದಂತೆ ನಟಿಸಿದೆ. ಹಾರ್ಮೋನಿಯಂನವರಿಗೆ ಮೇಲಿನ ರಿಷಭ ಮುಟ್ಟಿ ಇಳಿಯುವ ಹಾಗೆ ಹೇಳಿದೆ. ಶಿಷ್ಯೆಗೆ ಇನ್ನೂ ಮೇಲೆ, ಗಾಂಧಾರ ಮುಟ್ಟಿ ಇಳಿಯುವ ಹಾಗೆ ಕಲಿಸಿದೆ. ನಿಜವಾಗಿ ನನ್ನ ಮನಸ್ಸಿನಲ್ಲಿದ್ದದ್ದು ಇವೆರಡೂ ಅಲ್ಲ. ಅದು ನಿಷಾದದಲ್ಲೇ ತಡೆದು ನಿಲ್ಲುತ್ತಿತ್ತು, ಅದನ್ನು ಬಾಗಿಲು ಹಾಕಿಕೊಂಡು ನಾನೊಬ್ಬಳೇ ಹಾಡಿಕೊಳ್ಳುತ್ತಿದ್ದೆ. ಸಿರಸಂಗಿಯಲ್ಲಿ ಯಾವ ಸ್ವರ ಹೊರಬೀಳುತ್ತದೆಯೋ ಆ ಸ್ವರ ಕಲಿತವರೇ ಕಳ್ಳರು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಕೆಲವು ವಾರ ಬಿಟ್ಟು ಒಂದು ಶುಕ್ರವಾರ ಯಾರಿಗೂ ಹೇಳದೆ ಸಿರಸಂಗಿಯ ಬಸ್ಸು ಹತ್ತಿದೆ. ಗುಡಿಯ ಕಂಬದ ಮರೆಯಲ್ಲಿ ಸೆರಗು ಹೊದ್ದು ಕೂತೆ. ಹೆಂಗಸರು ತಾಳ ಕುಟ್ಟುತ್ತ ಒಂದೆರಡು ದೇವಿಯ ಪದ ಹೇಳಿ, ಆಮೇಲೆ ನನ್ನದನ್ನು ಎತ್ತಿಕೊಂಡರು. ಅಂತರಾ ಬಂತು. ರಿಷಭವಿಲ್ಲ, ಗಾಂಧಾರವೂ ಇಲ್ಲ. ಹಾಡು ನಿಷಾದದಲ್ಲಿ ತಡೆದು ನಿಂತಿತು. ಯಾರಿಗೂ ಕೊಡದ, ನನ್ನೊಬ್ಬಳ ಸ್ವರ.

ಅಷ್ಟೇ ಅಲ್ಲ, ಅದು ಅಲ್ಲಿ ನಿಲ್ಲಲಿಲ್ಲ. "ಹೊಸ್ತಿಲ ದಾಟಿದ ಹೆಜ್ಜೆಗಳ, ಹೊಳ್ಳಿಸಿ ಮನಿಗೆ ತಾರೋ" ಎಂದು ಮೆಲ್ಲಗೆ ಇಳಿದು ತಾಳದ ಮೊದಲ ಪೆಟ್ಟಿಗೆ ಬಂದು ಕೂತಿತು. ಇಳಿಯುವಾಗ ಜೌನ್‌ಪುರಿಗೆ ಸಲ್ಲದ ಶುದ್ಧ ಧೈವತವೊಂದು ನುಸುಳಿತ್ತು. ಶಾಸ್ತ್ರ ಹಿಡಿದರೆ ತಪ್ಪು. ಸಿಟ್ಟು ಬಂತು, ಅದರ ಜೊತೆಗೇ ಅಳು ಬಂತು.

ಭಜನೆ ಮುಗಿದ ಮೇಲೆ ಮುಂದಾಳು ಹೆಂಗಸಿನ ಹತ್ತಿರ ಹೋಗಿ, ಈ ಪದ ಎಲ್ಲಿಂದ ಕಲಿತಿರಿ ಎಂದು ಕೇಳಿದೆ.

"ನನ್ನ ಗೆಳತಿ ಫೋನಿನ್ಯಾಗ ಹೇಳಿಕೊಟ್ಟಾಳ್ರಿ. ಬೈಲಹೊಂಗಲಕ್ಕ ಕೊಟ್ಟಾರ ಆಕಿನ್ನ," ಎಂದಳು ಆಕೆ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಆಕಿ ಸೊಸಿ ದೊಡ್ಡ ಹಾಡುವಾಕಿ ಅಂತ್ರಿ. ಆದ್ರ ಯಾವ ಹಾಡೂ ಪೂರ್ತಿ ಮಾಡೂದಿಲ್ಲಂತ. ಪಾಪ, ಇದನ್ನೂ ಮುದುಕೀನ ಮುಗಿಸ್ಯಾಳ," ಎಂದಳು.

ಬಸ್ಸಿನುದ್ದಕ್ಕೂ ಕುದಿಯುತ್ತಲೇ ಬಂದೆ. ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ಅಡುಗೆಮನೆಯ ಬಾಗಿಲಲ್ಲಿ ನಿಂತೆ.

"ಅತ್ತಿ, ನನ್ನ ಹಾಡಿಗೆ ಕೈ ಹಚ್ಚಬ್ಯಾಡ್ರಿ. ಹೊರಗ ಯಾರಿಗೂ ಕೊಡಬ್ಯಾಡ್ರಿ. ನನ್ನ ಮರ್ಯಾದಿ ಪ್ರಶ್ನೆ ಐತಿ."

ಅವರು ಪಲ್ಯ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಕಳವು ಮಾಡೇನೇನು? ನೀ ಅರ್ಧಕ್ಕ ಬಿಟ್ಟದ್ದನ್ನ ಯಾರರ ಮುಗಸಬೇಕಲ್ಲ," ಎಂದರು. ಹೆಚ್ಚುತ್ತಲೇ, "ಮೊದಮೊದಲ ನನಗೂ ನಿನ್ನ ಮ್ಯಾಲ ಸಂಶೇ ಇತ್ತು. ಗೊತ್ತಿದ್ದೂ ಬೇಕಂತ ನಿಲ್ಲಸ್ತಾಳ ಅಂತ," ಎಂದರು.

"ಏನು ಗೊತ್ತಿದ್ದು?"

"ನಿಮ್ಮ ಮಾವನಾರು ಹ್ಯಾಂಗ ಹ್ವಾದ್ರು ಅಂತ."

ಮಾವ ಹೈವೇಯಲ್ಲಿ ಲಾರಿಗೆ ಸಿಕ್ಕಿ ತೀರಿಕೊಂಡದ್ದು ನನಗೆ ಗೊತ್ತಿತ್ತು. ನಾನು ಈ ಮನೆಗೆ ಬರುವ ಎಷ್ಟೋ ಮೊದಲಿನ ಮಾತದು. ಅದಕ್ಕಿಂತ ಹೆಚ್ಚಿಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

"ನಮ್ಮ ಪಡಸಾಲ್ಯಾಗ ಭಜನಿ ನಡದಿತ್ತು. ಕಿತ್ತೂರಿಂದ ಯಾರದೋ ಫೋನ್ ಬಂತು. ತಾಳ ಕೆಳಗಿಟ್ಟು ಎದ್ರು. ಬಂದು ಮುಗಸೂಣು, ಹಾಡು ಅಲ್ಲೇ ನಿಲ್ಲಸ್ರಿ ಅಂದ್ರು. ನಾವೆಲ್ಲಾ ನಿಲ್ಲಿಸಿ ಕುಂತ್ವಿ. ಹಾಡು ಅರ್ಧ ಉಳೀತು. ಅವರು ಹೊಳ್ಳಿ ಬರಲಿಲ್ಲ." ಅತ್ತೆ ಈಗ ಹೆಚ್ಚುವುದನ್ನು ನಿಲ್ಲಿಸಿದರು. "ನಿನಗೇನವ್ವಾ, ಮನಸಿಗೆ ಬರಲಿಲ್ಲಂದ್ರ ಬಾಯಿ ಮುಚ್ಚತಿ. ಅದ ಹೊತ್ತಿಗೆ ನನ್ನ ಮಗ ಗಾಡಿ ಚಾಲೂ ಮಾಡತಾನ. ಅದ ಹಾದಿ. ನಾ ಹ್ಯಾಂಗ ಸುಮ್ಮನ ಕುಂಡರಲಿ?"

ನಾನು ಮುಂದಿನ ಕೋಣೆಗೆ ಹೊರಳಿ ಬಂದೆ.

ಮರುದಿನ ಬೆಳಿಗ್ಗೆ ಎಂದಿನಂತೆ ತಂಬೂರಿ ಹಚ್ಚಿ ಕೂತೆ. ಆ ಧೈವತವನ್ನು ಬಿಟ್ಟು, ಶಾಸ್ತ್ರಕ್ಕೆ ಸರಿಯಾಗಿ ಇಳಿಯುವ ದಾರಿ ಸಿಗುತ್ತದೆಯೇ ಎಂದು ನೋಡುತ್ತಿದ್ದೆ. "ಹೊಸ್ತಿಲ ದಾಟಿದ ಹೆಜ್ಜೆಗಳ" ಎಂದು ನಿಷಾದಕ್ಕೆ ಬಂದವಳು, ಸರಿಬಾರದೆ, ಅಭ್ಯಾಸಬಲದಿಂದ ಕಚ್ಚಿ ನಿಲ್ಲಿಸಿದೆ. ಹೊರಗೆ ಬೈಕ್ ಚಾಲೂ ಆಯಿತು. ಅಡುಗೆಮನೆಯಲ್ಲಿ ರೊಟ್ಟಿಯ ಸದ್ದು ನಿಂತಿತು. ಗುಣುಗುಣು ಕೇಳಿಸಲಿಲ್ಲ. ಕೈ ಹಚ್ಚಬ್ಯಾಡ್ರಿ ಎಂದು ನಾನೇ ಹೇಳಿದ್ದೆನಲ್ಲ, ಅವರು ಅದನ್ನು ನಡೆಸಿಕೊಡುತ್ತಿದ್ದರು.

ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ. ಹಾಡಿಗೂ ಹೈವೇಯ ಲಾರಿಗೂ ಏನು ಸಂಬಂಧ? ಆದರೆ ಬೈಕ್ ಗೇಟು ದಾಟುವ ಸದ್ದು ಬಂದಾಗ, ನಂಬದಿರುವ ನನ್ನ ಬುದ್ಧಿಯ ಮೇಲೆಯೇ ನನಗೆ ಅನುಮಾನ ಹುಟ್ಟಿತು. ಎದ್ದು ಹೋಗಿ ಕೋಣೆಯ ಬಾಗಿಲು ತೆಗೆದೆ. ಬೀದಿಗೆ ಕೇಳಿಸುವಷ್ಟು ಗಟ್ಟಿಯಾಗಿ, ಆ ತಪ್ಪು ಧೈವತದ ಸಮೇತ, "ಹೊಳ್ಳಿಸಿ ಮನಿಗೆ ತಾರೋ" ಎಂದು ಹಾಡಿ ಮುಗಿಸಿದೆ.

ಬೈಕಿನ ಸದ್ದು ತಿರುವಿನಲ್ಲಿ ಕರಗಿತು. ಒಳಗೆ ಅತ್ತೆ ಮತ್ತೆ ರೊಟ್ಟಿ ಬಡಿಯತೊಡಗಿದರು.